ಟಿವಿ ಇದ್ದ ಮಣೆ

ಹೊಳೆದಂಡೆಯ ಮಠದಲ್ಲಿ ಕಲ್ಲಿನಾಥನೆಂಬ ಶಿಷ್ಯನಿದ್ದ. ಪೇಟೆಯಲ್ಲಿ ಒಂದು ದೆವ್ವದ ಸಿನಿಮಾ ನೋಡಿ ಬಂದವನಿಗೆ ಮೂರು ದಿನ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ.

ನಾಲ್ಕನೆಯ ದಿನ ಗುರುಗಳ ಮುಂದೆ ಬಂದ.

"ಅಜ್ಜಾರ, ಆ ಸಿನಿಮಾದಾಗ ಒಂದು ಮನಿ. ಮನಿಯೊಳಗ ಟಿವಿ. ಟಿವಿಯೊಳಗ ದೆವ್ವ. ಮನಿಮಂದೀನ್ನ ಒಬ್ಬೊಬ್ಬರನ್ನ ಹಿಡಕೊಂತೈತಿ."

"ಹೆಂಗ ಹಿಡಕೊಂತೈತಿ?"

"ಕೈ ಹಚ್ಚೂದಿಲ್ರಿ. ಬರೇ ಮಾತಾಡತೈತಿ. ಅದರ ಮುಂದ ಕೂತು ಕೂತು ಅವರು ಮಾತು ಬಿಡತಾರ. ಕಡೀಕ ಅವರ ಮಾರಿಮ್ಯಾಗ ಬಾಯೇ ಇರೂದಿಲ್ಲ."

"ಅದರ ಅರ್ಥ ಏನು?"

"ದೆವ್ವ ಅಂದ್ರ ಟಿವಿನ ರೀ. ಅದನ್ನ ಹೊರಗ ಹಾಕ್ರಿ ಅಂತ ಅರ್ಥ."

ಗುರುಗಳು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಅವಸರದವರಿಗೆ ಮೌನವೆಲ್ಲ ಒಪ್ಪಿಗೆಯೇ. ಕಲ್ಲಿನಾಥ ಸೀದಾ ಅಡುಗೆಮನೆಗೆ ಹೋದ.

ಅಲ್ಲೊಂದು ಮಣೆಯ ಮೇಲೆ ಹಳೆಯ ಟಿವಿ ಇತ್ತು. ಅಡುಗೆಯ ನೀಲಗಂಗವ್ವ ರೊಟ್ಟಿ ಬಡಿದು ಮುಗಿಸಿ, ಸಂಜೆ ಒಂದು ತಾಸು ಅದನ್ನು ನೋಡುತ್ತಿದ್ದಳು. ಕಲ್ಲಿನಾಥ ಅದನ್ನೆತ್ತಿ ಗುಜರಿಯವನ ಗಾಡಿಗೆ ಹಾಕಿಬಿಟ್ಟ. ನೆಗಡಿಯಾಯಿತೆಂದು ಮೂಗು ಕೊಯ್ದುಕೊಳ್ಳುವವರುಂಟು. ಇವನು ತನ್ನ ನೆಗಡಿಗೆ ಇನ್ನೊಬ್ಬರ ಮೂಗು ಕೊಯ್ದ.

ಮರುದಿನ ನೀಲಗಂಗವ್ವ ಗಂಟು ಕಟ್ಟಿದಳು.

"ಮೂವತ್ತು ವರ್ಷ ರೊಟ್ಟಿ ಬಡದೀನ್ರಿ, ಅಜ್ಜಾರ. ಈ ಮಠದಾಗ ನನ್ನ ಕೂಡ ಕೂಡ್ರೂದು ಅದೊಂದ ಇತ್ತು. ಹೋಗ್ತೀನಿ."

ಹೋಗಲು ಅವಳಿಗೆ ಒಂದು ಮನೆಯೂ ಇರಲಿಲ್ಲ. ಗುರುಗಳಿಗೆ ಅದು ಗೊತ್ತಿತ್ತು. ಅವರ ಮನಸ್ಸಿಗೆ ಬಹಳ ನೋವಾಯಿತು.

"ಎಂಟು ದಿನ ತಡಿಯವ್ವಾ" ಎಂದು ಶಿಷ್ಯನ ಕಡೆ ತಿರುಗಿದರು. "ತಮ್ಮಾ, ದಿನಾ ಸಂಜಿಗೆ ಒಂದು ತಾಸು ಆ ಮಣೀಮ್ಯಾಗ ನೀ ಕೂಡ್ರು. ಆಕಿ ಗಂಟು ಬಿಚ್ಚಿದರ ಛಲೋ. ಇಲ್ಲಾ, ಆಕಿ ಕೂಡ ನೀನೂ ನಡಿ."

ಕಲ್ಲಿನಾಥ ಕೂತ. ಪುರಾಣ ಹೇಳಿದ, ವಚನ ಹೇಳಿದ, ಆ ಸಿನಿಮಾದ ಅರ್ಥವನ್ನು ನಾಲ್ಕು ಬಗೆಯಲ್ಲಿ ಬಿಡಿಸಿ ಹೇಳಿದ. ನೀಲಗಂಗವ್ವ ಗೋಡೆಗೊರಗಿ ಅವನನ್ನೇ ನೋಡುತ್ತಿದ್ದಳು. ಒಂದು ಮಾತೂ ಆಡಲಿಲ್ಲ. ಗಂಟು ಬಾಗಿಲ ಬಳಿಯೇ ಇತ್ತು.

ಏಳನೆಯ ದಿನ ಅವನು ಗುರುಗಳ ಬಳಿಗೆ ಓಡಿಬಂದ.

"ಅಜ್ಜಾರ, ನನಗ ಗೊತ್ತಿದ್ದದ್ದೆಲ್ಲಾ ಹೇಳೀನ್ರಿ. ಆಕಿ ಬಾಯೇ ಬಿಡವಲ್ಲಳು."

"ಉಂಡಿ ಏನವ್ವಾ ಅಂತ ಆಕೀನ್ನ ಒಮ್ಮೆರ ಕೇಳಿದ್ಯಾ?"

ಕಲ್ಲಿನಾಥ ತಲೆ ತಗ್ಗಿಸಿದ. "ಇಲ್ರಿ. ಹೇಳೂದ ಭಾಳ ಇತ್ತು."

ಗುರುಗಳು ಎದ್ದು ಅವನ ಹೆಗಲ ಮೇಲೆ ಕೈಯಿಟ್ಟರು.

"ಇನ್ನೂ ಒಂದು ದಿನ ಐತಿ, ತಮ್ಮಾ. ಆ ಟಿವಿನೂ ಆಕೀನ್ನ ಎಂದೂ ಕೇಳಿದ್ದಿಲ್ಲ."