ತಿಪ್ಪವ್ವ ಹಚ್ಚಿದ ಒಲೆಗಳು

ಬಹಳ ಹಿಂದೆ, ನಮ್ಮ ಅಜ್ಜನ ಅಜ್ಜ ಇನ್ನೂ ತೊಟ್ಟಿಲು ಕಾಣದ ಕಾಲದಲ್ಲಿ, ಹೊಳೆಯ ದಂಡೆಗೆ ಮಡುವಿನಹಾಳ ಅಂತ ಒಂದು ಊರು. ಆ ಊರಿಗೆ ಒಂದು ಹರಿಗೋಲು. ಆ ಹರಿಗೋಲಿಗೆ ತಿಪ್ಪವ್ವ. ಹುಟ್ಟಿದ ಕೂಸುಗಳೆಲ್ಲ ಸಾಯುತ್ತಿದ್ದವೆಂದು ತಾಯಿ ಇವಳನ್ನು ತಿಪ್ಪೆಯ ಮೇಲೆ ಹೊರಳಿಸಿ ಆ ಹೆಸರಿಟ್ಟಳಂತೆ. ಗಂಡ ಸತ್ತ ಮೇಲೆ ಅವನ ಹುಟ್ಟು ಹಿಡಿದು ಹರಿಗೋಲು ನಡೆಸಿದಳು. ಪಾದ ನೀರಿಗಿಟ್ಟರೆ ಸಾಕು, ಸುಳಿ ಎಲ್ಲಿದೆ ಅಂತ ಹೇಳುತ್ತಿದ್ದಳಂತೆ. ಹೊಳೆ ತುಂಬಿ ಬಂದಾಗ ಹನ್ನೊಂದು ಮಂದಿಯನ್ನೂ ಒಂದು ಎಮ್ಮೆಕರುವನ್ನೂ ಒಂದೇ ಸಲಕ್ಕೆ ದಾಟಿಸಿದಳಂತೆ. ಇಪ್ಪತ್ತು ಮಂದಿ ಅನ್ನುವವರೂ ಇದ್ದಾರೆ.

ಹರಿಗೋಲು ಅವಳದಲ್ಲ, ಸೀಮೆಯದು. ಏಳೂರಿನ ಹಿರಿಯರು ಕೂಡಿ ಸೀಮೆ ನಡೆಸುತ್ತಿದ್ದರು. ಒಲೆಗೊಂದು ಚೀಲ ಜೋಳ ಎತ್ತುತ್ತಿದ್ದರು. ನಲವತ್ತು ಒಲೆ ಉರಿಯುವ ಊರಿಗೆ ಒಂದು ಹರಿಗೋಲು, ಅದನ್ನು ನಡೆಸುವವರ ಹೊಟ್ಟೆಗೆ ಕಾಳು, ಬಾವಿಯ ಹೂಳು ತೆಗೆಯಲು ಆಳು. ನಲವತ್ತಕ್ಕೆ ಒಂದು ಕಡಿಮೆಯಾದರೂ ಇವು ಯಾವುವೂ ಇಲ್ಲ. ಯುಗಾದಿಯ ಮರುದಿನ ಬೆಳಗ್ಗೆ ಲೆಕ್ಕದವನು ಗುಡ್ಡದ ಮೇಲೆ ನಿಂತು, ಏಳುವ ಹೊಗೆ ಎಣಿಸಿ ಹೋಗುತ್ತಿದ್ದ. ಊರೊಳಗೆ ಕಾಲಿಟ್ಟವನಲ್ಲ.

ಹೀಗಿರಲು ಆಚೆ ದಂಡೆಯಲ್ಲಿ ಪೇಟೆ ಎದ್ದಿತು. ಮಗ್ಗದ ಕೆಲಸ, ಹತ್ತಿಯ ಕೆಲಸ. ಒಂದು ಮನೆ ಹೋಯಿತು, ಅದರ ಹಿಂದೆ ಅದರ ಬೀಗರ ಮನೆ ಹೋಯಿತು. ಹೋದವರನ್ನೆಲ್ಲ ದಾಟಿಸಿದವಳು ತಿಪ್ಪವ್ವನೇ. ಅವರ ಗಂಟುಮೂಟೆ ಇಳಿಸಿ, ಬರಿದಾದ ಹರಿಗೋಲು ತಿರುಗಿಸಿಕೊಂಡು ಬರುವಾಗ ಅವಳ ತೋಳು ಸೋಲುತ್ತಿತ್ತಂತೆ. ಐವತ್ತು ಒಲೆಯ ಊರು ಮೂವತ್ತಾಯಿತು.

ಆ ವರ್ಷ ಲೆಕ್ಕದವನು ಬರುವ ದಿನ ಅವಳು ಒಂದು ಕೆಲಸ ಮಾಡಿದಳು. ಕೋಳಿ ಕೂಗುವ ಮುಂಚೆ ಎದ್ದು, ಬುಟ್ಟಿ ತುಂಬ ಕುಳ್ಳು ಹೊತ್ತು, ಬಿಟ್ಟುಹೋದ ಮನೆಗಳನ್ನು ಹೊಕ್ಕು, ತಣ್ಣಗಾದ ಒಲೆಗಳಿಗೆ ಬೆಂಕಿ ಹಾಕಿದಳು. ಹೊಟ್ಟೆಯ ಭಯ ಅವಳಿಗೂ ಇತ್ತು, ಇರಲಿಲ್ಲ ಅನ್ನಲಾಗದು. ಆದರೆ ಸೂಲಗಿತ್ತಿಯೂ ಆಚೆಗೆ ಹೋಗಿದ್ದಳು. ಹರಿಗೋಲು ಹೋದರೆ ಬಸುರಿಯರ ಗತಿ ಏನು ಅನ್ನುವುದೂ ಇತ್ತು. ಗುಡ್ಡದ ಮೇಲಿದ್ದವನು ನಲವತ್ತೆರಡು ಹೊಗೆ ಎಣಿಸಿದ. ಹರಿಗೋಲು ಉಳಿಯಿತು. ಊರವರು ಅವಳಿಗೆ ಸೀರೆ ಉಡಿಸಿದರಂತೆ.

ಸುಗ್ಗಿಗೆ ಸೀಮೆಯ ಬಂಡಿಗಳು ಬಂದವು. ನಲವತ್ತೆರಡು ಚೀಲ ಅಂದರು. ನಿಜ ಹೇಳಿದರೆ ಹರಿಗೋಲು ಹೋಗುತ್ತದೆ. ಹೇಳದಿದ್ದರೆ ಹೋದವರ ಜೋಳವನ್ನೂ ಇದ್ದವರೇ ಅಳೆಯಬೇಕು. ಬಾಯಿ ಮುಚ್ಚಿಕೊಂಡು ಅಳೆದರು. ಆ ಭಾರಕ್ಕೆ ಇನ್ನಾರು ಮನೆ ಎದ್ದು ಹೋದವು. ಮರುವರ್ಷ ತಿಪ್ಪವ್ವ ಇನ್ನಾರು ಒಲೆ ಹೆಚ್ಚಿಗೆ ಹಚ್ಚಿದಳು. ಹಚ್ಚಿದಷ್ಟೂ ಮಂದಿ ಹೋದರು, ಹೋದಷ್ಟೂ ಹಚ್ಚಿದಳು.

ಮೂರನೆಯ ಸುಗ್ಗಿಗೆ ನೆರೆಮನೆಯ ಹೊನ್ನಕ್ಕ ಬಿತ್ತನೆಯ ಜೋಳವನ್ನೇ ಅಳೆದುಕೊಟ್ಟು, ಖಾಲಿ ಚೀಲ ತಂದು ತಿಪ್ಪವ್ವನ ಮುಂದೆ ಒಗೆದಳು.

"ನಿನ್ನ ರೊಟ್ಟಿ ಸಲುವಾಗಿ ಊರಿನ ಕುತ್ತಿಗಿ ಕೊಯ್ದಿ. ಮನ್ಯಾಗ ಬಸುರಿ ಸೊಸಿ ಅದಾಳ. ಅಕಿಗೆ ಏನ್ ಉಣ್ಣಾಕ ಹಾಕ್ಲಿ, ನಿನ್ನ ಹೊಗಿ?"

ತಿಪ್ಪವ್ವ ಅಂದೇ ಹೊಳೆ ದಾಟಿ ಪೇಟೆಯಲ್ಲಿದ್ದ ಹಿರಿಯರ ಚಾವಡಿಗೆ ಹೋದಳು. ಊರಲ್ಲಿರುವುದು ಇಪ್ಪತ್ತೊಂದೇ ಒಲೆ, ಉಳಿದವನ್ನು ಹಚ್ಚಿದವಳು ನಾನು, ತಪ್ಪು ನನ್ನದು, ಊರಿನ ಜೋಳ ಊರಿಗೆ ತಿರುಗಿ ಕೊಡಿ ಅಂತ ಕೈಮುಗಿದಳು.

ಹಿರಿಯರು ತಮ್ಮ ತಮ್ಮಲ್ಲೇ ಮಾತಾಡಿಕೊಂಡರು. ಆಮೇಲೆ ಒಬ್ಬರು ಹೇಳಿದರಂತೆ: "ಜ್ವಾಳ ಎಲ್ಲಿಂದ ತರೂದವ್ವಾ? ಪ್ಯಾಟ್ಯಾಗ ಮಂದಿ ಹೆಚ್ಚಾತು. ಇಲ್ಲಿ ಹೊಳಿಗೆ ಮೆಟ್ಟಲ ಕಟ್ಟಿಸೇವಿ. ನಿಮ್ಮದೆಲ್ಲಾ ಅದಕ್ಕ ಹೋತು. ಈಗ ನಿಮ್ಮೂರಾಗ ಇಪ್ಪತ್ತೊಂದ ಒಲಿ ಅಂತ ನೀನಾ ಒಪ್ಪಿಕೊಂಡಿ. ಹರಿಗೋಲನೂ ಇಲ್ಲೇ ಬಿಟ್ಟು ಹೋಗು."

ಮೊದಲ ಮಳೆಗೆ ಹೊಳೆ ಕೆಂಪಾಗಿ ಬಂತು. ಅವತ್ತೇ ಬೆಳಗ್ಗೆ ಹೊನ್ನಕ್ಕನ ಸೊಸೆಗೆ ಬೇನೆ ಬಂತು. ಸೂಲಗಿತ್ತಿಯನ್ನು ಕರೆತರಲು ತಿಪ್ಪವ್ವ ಒಣಗಿದ ಸೋರೆಬುರುಡೆ ಸೊಂಟಕ್ಕೆ ಕಟ್ಟಿಕೊಂಡು ನೀರಿಗೆ ಬಿದ್ದಳು. ಹೊಳೆ ತಾನೇ ಬಾಗಿ ದಾರಿ ಕೊಟ್ಟಿತಂತೆ. ಪೇಟೆಯ ಮೆಟ್ಟಿಲ ಬುಡಕ್ಕೆ ಅವಳ ಹರಿಗೋಲನ್ನೇ ಕಟ್ಟಿದ್ದರು. ಹುಟ್ಟನ್ನು ಚಾವಡಿಯೊಳಗಿಟ್ಟು ಬೀಗ ಹಾಕಿದ್ದರು. ಹಿರಿಯರ ಅಪ್ಪಣೆ ಬೇಕು ಅಂದ ಕಾವಲಿನವನು. ಹಿರಿಯರು ಒಬ್ಬೊಬ್ಬರಾಗಿ ಬಂದು ಕೂಡುವಷ್ಟರಲ್ಲಿ ಹೊತ್ತು ನೆತ್ತಿಯಿಂದ ಇಳಿದಿತ್ತು. ಸೂಲಗಿತ್ತಿಯನ್ನು ಕೂರಿಸಿಕೊಂಡು ಈಚೆ ದಂಡೆಗೆ ಬಂದಾಗ ಕೂಸು ಅಳುತ್ತಿತ್ತು. ತಾಯಿ ಇರಲಿಲ್ಲ.

ಹೊನ್ನಕ್ಕ ಆಗ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅಂತ ತಿಪ್ಪವ್ವ ಸಾಯುವವರೆಗೂ ಅನ್ನುತ್ತಿದ್ದಳಂತೆ. ಕೂಸನ್ನು ಉಡಿಯಲ್ಲಿ ಕಟ್ಟಿಕೊಂಡು ಹೊನ್ನಕ್ಕ ಪೇಟೆ ಸೇರಿದಳು. ಉಳಿದವರೂ ಹೋದರು. ತಿಪ್ಪವ್ವ ಹೋಗಲಿಲ್ಲ. ಮುಂದಿನ ಯುಗಾದಿಗೆ ಗುಡ್ಡದಿಂದ ಒಂದೇ ಹೊಗೆ ಕಂಡಿತು. ಸುಗ್ಗಿಗೆ ಬಂಡಿಯವರು ಬಂದು ಒಂದು ಚೀಲ ಕೇಳಿದರಂತೆ.

ಈಗ ಅಲ್ಲಿ ಊರಿಲ್ಲ, ಜಾಲಿ ಬೆಳೆದಿದೆ. ಪೇಟೆಯ ಮೆಟ್ಟಿಲು ಗಟ್ಟಿಯಾಗಿದೆ. ಮಡುವಿನಹಾಳದಿಂದ ಬಂದ ಮನೆತನದ ಹೆಂಗಸರು ಇವತ್ತಿಗೂ ಅದನ್ನು ತುಳಿಯುವುದಿಲ್ಲ, ಪಕ್ಕದ ಕೆಸರಿನಲ್ಲೇ ನೀರಿಗೆ ಇಳಿಯುತ್ತಾರೆ. ತುಂಬಿದ ಬಸುರಿಯಾದರೂ ಅಷ್ಟೇ, ಇಬ್ಬರು ರಟ್ಟೆ ಹಿಡಿದು ಕೆಸರಿನಲ್ಲೇ ಇಳಿಸುತ್ತಾರೆ. ಯಾಕೆ ಅಂತ ಕೇಳಿದರೆ ತಿಪ್ಪವ್ವನ ಆಣೆ ಅನ್ನುತ್ತಾರೆ. ಸೀಮೆಯ ಹಿರಿಯರು ಮಾತ್ರ ಮೆಟ್ಟಿಲ ಮೇಲೆಯೇ ಹತ್ತಿ ಇಳಿಯುತ್ತಾರೆ. ಅವರ ಕಾಲು ಕೆಸರಾಗಬಾರದಲ್ಲ.