ಟ್ಯಾಬ್ಲೆಟ್ಟಿನಲ್ಲಿ ತುಂಬಿದ ಕೆರೆ

ಎಲ್ಲರೂ ಕೂತಿರಾ? ಹಾಗಾದ್ರೆ ಕೇಳಿ. ಕಣಗಿಲೆಪುರ ಅಂತ ಒಂದು ರಾಜ್ಯ ಇತ್ತು. ಅಲ್ಲಿಗೆ ಬಸವಭೂಪ ರಾಜ, ಹೊನ್ನಾಜಮ್ಮ ರಾಣಿ. ರಾಜ ಒಳ್ಳೆಯವನೇ. ಆದ್ರೆ ಬಿಸಿಲು ಕಂಡ್ರೆ ಆಗದು. ಊರು ಸುತ್ತಿ ಬನ್ನಿ ಅಂದ್ರೆ ಮುಖ ಸಣ್ಣ ಮಾಡ್ತಿದ್ದ.

ಇದನ್ನು ಬಲ್ಲ ಮಂತ್ರಿ ಕೇತಣ್ಣ ಒಂದು ದಿನ ಪುಟ್ಟ ಟ್ಯಾಬ್ಲೆಟ್ ತಂದುಕೊಟ್ಟ. ಇನ್ನು ಪ್ರಭುಗಳು ಕಾಲು ನೋಯಿಸಿಕೊಳ್ಳೋದು ಬೇಡ, ರಾಜ್ಯವೆಲ್ಲ ಇದರಲ್ಲೇ ಕಾಣುತ್ತೆ ಅಂದ. ರಾಜನಿಗೆ ಹಿಗ್ಗೋ ಹಿಗ್ಗು. ದಿಂಬಿಗೆ ಒರಗಿ ಕೂತ. ಕೆರೆ ತೋರಿಸು ಅಂದ, ತುಂಬಿದ ಕೆರೆ ಕಾಣಿಸ್ತು. ಗದ್ದೆ ತೋರಿಸು ಅಂದ, ಹಸಿರು ಗದ್ದೆ ಕಾಣಿಸ್ತು. ಜನರನ್ನ ತೋರಿಸು ಅಂದ, ನಗ್ತಾ ಇರೋ ಜನ ಕಾಣಿಸಿದ್ರು. ಅವತ್ತಿನಿಂದ ರಾಜ ಅರಮನೆ ಹೊಸ್ತಿಲು ದಾಟಲಿಲ್ಲ.

ಅಷ್ಟರಲ್ಲಿ ಅರಮನೆಗೆ ಹೂ ಕೊಡೋ ಸಿದ್ದಕ್ಕ ಬರೋದನ್ನೇ ನಿಲ್ಲಿಸಿದಳು. ರಾಣಿ ಹೇಳಿ ಕಳಿಸಿದ್ರೆ, ಕೆರೆ ಒಣಗಿದೆ, ಗಿಡ ಸುಟ್ಟುಹೋಗಿದೆ, ಹೂ ಎಲ್ಲಿಂದ ತರಲಿ ಅಂದಳು.

ರಾಣಿ ತಲೆಗೆ ಸೆರಗು ಹೊದ್ದು ತಾನೇ ನಡೆದು ಹೋದಳು. ಕೆರೆಯಲ್ಲಿ ಮಕ್ಕಳು ಗೋಲಿ ಆಡ್ತಿದ್ರು. ಕೆರೆಗೆ ನೀರು ತರೋ ಕಾಲುವೆ ಹಿಡಿದು ಹೋದ್ರೆ ಅಲ್ಲೊಂದು ಒಡ್ಡು. ನೀರೆಲ್ಲ ತಿರುಗಿ ಕೇತಣ್ಣನ ಕಬ್ಬಿನ ಗದ್ದೆಗೆ ಹೋಗ್ತಿತ್ತು. ಕಬ್ಬು ಆನೆ ಮರೆಯಾಗೋಷ್ಟು ಎತ್ತರ ಬೆಳೆದಿತ್ತು.

ಬಂದು ಹೇಳಿದ್ರೆ ರಾಜ ನಂಬಲಿಲ್ಲ. ಟ್ಯಾಬ್ಲೆಟ್ ಅವಳ ಕಡೆ ತಿರುಗಿಸಿ, ನೀನೇ ನೋಡು, ತುಳುಕ್ತಾ ಇದೆ ಅಂದ. ರಾಣಿಗೆ ಬೇಜಾರಾಯ್ತು. ಕಟ್ಟಿಕೊಂಡ ಹೆಂಡತಿ ಮಾತಿಗಿಂತ ಆ ಗಾಜು ಹೆಚ್ಚಾಯ್ತಲ್ಲ. ಆದ್ರೂ ಜಗಳಕ್ಕೆ ನಿಲ್ಲಲಿಲ್ಲ. ನಾಳೆ ಮಂತ್ರಿಯನ್ನ ಕರೆಸಿ, ನಾನು ಹೇಳಿಕೊಡೋ ಪ್ರಶ್ನೆಗಳನ್ನ ಕೇಳಿ, ಸಾಕು ಅಂದಳು.

ಮಾರನೇ ದಿನ ಸಭೆ ಸೇರಿತು, ರಾಣಿ ಪರದೆ ಹಿಂದೆ ನಿಂತಳು. ಕೇತಣ್ಣ ಬಂದ. ರಾಣಿ ಕೆರೆಗೆ ಹೋಗಿದ್ದಾಳೆ, ಕಾಣಿಸ್ತಾಳಾ ನೋಡು ಅಂದ ರಾಜ. ಕೇತಣ್ಣ ಟ್ಯಾಬ್ಲೆಟ್ ಹಿಡಿದು ಅತ್ತ ತಿರುಗಿ ಸರಸರ ಬೆರಳು ಆಡಿಸಿದ. ಗಾಜಿನಲ್ಲಿ ನೋಡಿದ್ರೆ, ತುಂಬಿದ ಕೆರೆ ದಡದಲ್ಲಿ ರಾಣಿ ನಿಂತಿದ್ದಳು.

ರಾಜನ ಹುಬ್ಬು ಮೇಲೇರಿತು. ಬಾಗಿನ ಕೊಟ್ಟಳಾ ಅಂತ ಕೇಳಿದ. ಕೇತಣ್ಣ ಮತ್ತೆ ಬೆರಳು ಆಡಿಸಿದ. ರಾಣಿ ಕೈಯಲ್ಲಿ ಬಾಗಿನದ ಮೊರ ಬಂತು.

ಈಗೇನು ಮಾಡ್ತಿದ್ದಾಳೆ ಅಂದ ರಾಜ. ಮೂರನೇ ಸಲ ಬೆರಳು ಆಡಿತು. ರಾಣಿ ದೋಣಿಯಲ್ಲಿ ಕೂತು, ಕೆರೆ ನಡುವೆ ವಿಹಾರ ಮಾಡ್ತಿದ್ದಳು.

ಪರದೆ ಸರೀತು. ಹೊನ್ನಾಜಮ್ಮ ಈಚೆ ಬಂದು, "ದೋಣಿ ದಡ ಮುಟ್ಟಿತು ಮಂತ್ರಿಗಳೇ," ಅಂದಳು.

ಕೇತಣ್ಣ ಇಷ್ಟು ದಿನವೂ ಸುಳ್ಳು ಚಿತ್ರ ಮಾಡಿ ತೋರಿಸ್ತಿದ್ದ ಅನ್ನೋದು ಬಯಲಾಯ್ತು. ಸಭೆಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ರಾಜ ನಗಲಿಲ್ಲ. ಅವನಿಗೆ ನಾಚಿಕೆಯಾಗಿತ್ತು. ಆ ಒಡ್ಡನ್ನ ಮಂತ್ರಿ ಕೈಯಿಂದಲೇ ಒಡೆಸಿದ. ಕೆರೆ ತುಂಬೋವರೆಗೂ ಮನೆಮನೆಗೆ ನೀರು ಹೊತ್ತುಹಾಕು ಅಂತ ಅಪ್ಪಣೆ ಮಾಡಿದ. ಸಿದ್ದಕ್ಕನ ಹಿತ್ತಲಿಗೆ ದಿನಕ್ಕೆರಡು ಕೊಡ ಜಾಸ್ತಿ.

ಆಮೇಲೆ ರಾಜ ಸಿಟ್ಟಿನಿಂದ ಟ್ಯಾಬ್ಲೆಟ್ ಎತ್ತಿಕೊಂಡು ಬಾವಿಗೆ ಎಸೆಯೋಕೆ ಹೊರಟ. ರಾಣಿ ತಡೆದಳು. ಕಣ್ಣು ಮಂಜಾದ ಅತ್ತೆ ಇದರಲ್ಲಿ ಅಕ್ಷರ ದಪ್ಪ ಮಾಡಿಕೊಂಡು ಕಥೆ ಓದ್ತಾರೆ, ದೂರದೇಶಕ್ಕೆ ಕೊಟ್ಟ ಮಗಳ ಮುಖ ಇದರಲ್ಲೇ ಕಾಣೋದು ಅಂತ ನೆನಪಿಸಿದಳು. "ಮನೆಯಲ್ಲಿರಲಿ, ಒಳ್ಳೇದೇ. ಆದ್ರೆ ಇದು ಇಷ್ಟೇ ಇಷ್ಟಿದೆ. ಇದರೊಳಗೆ ರಾಜ್ಯ ಹಿಡಿಸೋದಿಲ್ಲ."

ರಾಜ ಟ್ಯಾಬ್ಲೆಟ್ಟನ್ನು ಅಮ್ಮನ ಕೈಗೆ ಕೊಟ್ಟು, ಚಪ್ಪಲಿ ಮೆಟ್ಟಿಕೊಂಡು ರಾಣಿ ಜೊತೆ ಕೆರೆ ಕಡೆ ಹೊರಟ. ಬಿಸಿಲಿಗೆ ಗೊಣಗಿದ, ಆದ್ರೂ ಹೋದ.

ಮಕ್ಕಳೇ, ನೀತಿ ಇಷ್ಟು. ಅಂಥ ವಸ್ತು ನಿಮ್ಮ ಹತ್ತಿರ ಇರಲಿ, ಬೇಕಾದಾಗ ಬಳಸಿ. ನೀವೇ ಹೋಗಿ ನೋಡಬೇಕಾದ್ದನ್ನ ಮಾತ್ರ ಅದಕ್ಕೆ ಬಿಡಬೇಡಿ.