ರಾಹೇಲಮ್ಮನವರ ಬೆರಳು ಸವೆಸಿದ ಭೂಪಟ

ಪೂಜ್ಯ ರಾಹೇಲಮ್ಮನವರು ಬೆಟಗೇರಿಯ ನೇಕಾರರ ಓಣಿಯಲ್ಲಿ, ಕ್ರೈಸ್ತ ಸಭೆಯ ದೇವಾಲಯದ ಹಿಂದಿನ ಒಂದೇ ಒಂದು ಖೋಲಿಯಲ್ಲಿ ವಾಸವಾಗಿದ್ದರು. ನಲವತ್ತು ವರ್ಷ ಆಸ್ಪತ್ರೆಯ ರೋಗಿಗಳ ಬಟ್ಟೆ ಒಗೆದ ಕೈ ಅವರದು. ಓದಿದ್ದು ನಾಲ್ಕನೆಯ ಇಯತ್ತೆ. ಖೋಲಿಯಲ್ಲಿ ಒಂದು ಹೊರಸು, ಒಂದು ಕೊಡ, ಒಂದು ಸತ್ಯವೇದ ಇದ್ದವು. ಗೋಡೆಯ ಮೇಲೆ, ಹಳೆಯದಾಯಿತೆಂದು ಶಾಲೆಯವರು ಎಸೆದಿದ್ದ ಪ್ರಪಂಚದ ಭೂಪಟವೊಂದು ತೂಗುತ್ತಿತ್ತು. ಪ್ರತಿ ಮುಂಜಾನೆ ನೀರು ತಂದಿಟ್ಟು, ಕೈ ಒರೆಸಿಕೊಂಡು, ಪೂಜ್ಯರು ಅದರ ಮುಂದೆ ನಿಲ್ಲುತ್ತಿದ್ದರು. ಒಂದೊಂದು ದೇಶದ ಮೇಲೆ ಬೆರಳಿಟ್ಟು ಅಲ್ಲಿಯ ಜನರಿಗಾಗಿ ಪ್ರಾರ್ಥಿಸುತ್ತಿದ್ದರು.

ಆ ಖೋಲಿಯಲ್ಲಿ ನಡೆದದ್ದನ್ನು ಈಗ ಕಾಲೇಜಿಗೆ ಹೋಗುತ್ತಿರುವ ನನ್ನ ಮೊಮ್ಮಕ್ಕಳೂ ಅವರ ಗೆಳೆಯರೂ ಓದಲೆಂದು ಬರೆದಿಡುತ್ತಿದ್ದೇನೆ. ನೆನಪಿನಿಂದ ಅಲ್ಲ, ಅಂದು ನಾನೇ ಬರೆದ ವರದಿ ಪುಸ್ತಕ ನನ್ನ ಎದುರಿಗೇ ಇದೆ. ದಿನಾಂಕ 19 ಜನವರಿ 1974, ಶನಿವಾರ. ಆಗ ನಾನು ಧಾರವಾಡದಲ್ಲಿ ಬಿ.ಎ. ಕೊನೆಯ ವರ್ಷದಲ್ಲಿದ್ದೆ. ನಮ್ಮ ವಿದ್ಯಾರ್ಥಿ ಪ್ರಾರ್ಥನಾ ಕೂಟದ ಕಾರ್ಯದರ್ಶಿಯೂ ಆಗಿದ್ದೆ.

ನನ್ನ ಚೀಲದಲ್ಲಿ ಒಂದು ಪತ್ರವಿತ್ತು. ಟಾಂಜಾನಿಯಾ ದೇಶದ ಒಂದು ಹೆಣ್ಣುಮಕ್ಕಳ ಶಾಲೆಯ ಮುಖ್ಯಾಧ್ಯಾಪಕಿ ಬರೆದದ್ದು. ಅವರ ಶಾಲೆಗೆ ಗಣಿತದ ಶಿಕ್ಷಕಿ ಬೇಕು. ಜುಲೈಯೊಳಗೆ ಯಾರೂ ಬರದಿದ್ದರೆ ಮೇಲಿನ ತರಗತಿ ಮುಚ್ಚುತ್ತದೆ, ನಲವತ್ತೊಂದು ಹುಡುಗಿಯರು ಪರೀಕ್ಷೆಗೆ ಕೂಡದೆ ಮನೆಗೆ ಹೋಗಬೇಕಾಗುತ್ತದೆ. ಜನವರಿ ಮುಗಿಯುವ ಮೊದಲು ಉತ್ತರ ಕೊಡಿ ಎಂದು ಕೇಳಿದ್ದರು. ಕೂಟದಲ್ಲಿ ಎರಡು ಸಲ ಓದಿ ಹೇಳಿದ್ದೆ. ಎಲ್ಲರೂ ಕಣ್ಣೊರೆಸಿಕೊಂಡು, "ಕರ್ತನು ಯಾರನ್ನಾದರೂ ಕಳುಹಿಸಲಿ" ಎಂದು ಪ್ರಾರ್ಥಿಸಿ, ಚಹಾ ಕುಡಿದು ಹೋಗಿದ್ದರು.

ಆ ಶನಿವಾರ ನಾವು ಹದಿನೇಳು ಜನ ಪೂಜ್ಯರನ್ನು ಕಾಣಲು ರೈಲಿನಲ್ಲಿ ಹೊರಟೆವು. ಪ್ರಫುಲ್ಲಾ ಹೊಂಬಳ ನಮ್ಮೊಂದಿಗೆ ಬಂದದ್ದು ಭಕ್ತಿಯಿಂದಲ್ಲ, ಗೆಳತಿಯರ ಒತ್ತಾಯದಿಂದ. ಅವಳು ಗಣಿತದಲ್ಲಿ ಬಿ.ಎಸ್ಸಿ. ಮುಗಿಸಿ ಭೂಗೋಳದಲ್ಲಿ ಎಂ.ಎ. ಓದುತ್ತಿದ್ದಳು. ಧಾರವಾಡದಲ್ಲೇ ಉಪನ್ಯಾಸಕಿಯ ಕೆಲಸ ಜೂನ್‌ನಿಂದ ಸೇರುವಂತೆ ನಿಗದಿಯಾಗಿತ್ತು.

"ಮೂರು ವರ್ಷದಿಂದ ನೋಡಾಕತ್ತೀನಿ," ಎಂದಳು ರೈಲಿನಲ್ಲಿ. "ಹಾಡು ಬಂದಾಗ ಕೈ ಎತ್ತತೀರಿ, ಹಾಡು ಮುಗಿದ ಕೂಡಲೆ ಇಳಸತೀರಿ. ಒಬ್ಬರರ ಹುಬ್ಬಳ್ಳಿ ದಾಟೀರೇನು?"

"ಇವತ್ತು ದಾಟಾಕತ್ತೀವಲ್ಲ!" ಎಂದ ಸೈಲಸ್, ನಮ್ಮ ಕೂಟದ ವಿದೂಷಕ. ಡಬ್ಬಿಯೆಲ್ಲ ನಕ್ಕಿತು. ಪ್ರಫುಲ್ಲಾ ನಗಲಿಲ್ಲ.

ಪೂಜ್ಯರು ನಮ್ಮನ್ನು ಚಾಪೆಯ ಮೇಲೆ ಕೂಡಿಸಿ, ಹುರಿದ ಶೇಂಗಾ ಕೊಟ್ಟು, ಒಬ್ಬೊಬ್ಬರ ಹೆಸರು ಕೇಳಿದರು. ಪ್ರಫುಲ್ಲಾಳ ಕಣ್ಣು ಮಾತ್ರ ಗೋಡೆಯ ಮೇಲೆಯೇ ಇತ್ತು. ಅವಳು ಎದ್ದು ಹೋಗಿ ಭೂಪಟವನ್ನು ಹತ್ತಿರದಿಂದ ನೋಡಿದಳು.

"ಅಮ್ಮಾರ, ನೀವು ದಿನಾ ಪ್ರಾರ್ಥನಾ ಮಾಡೂದು ಇದನ್ನ ನೋಡಿ ಏನ್ರಿ?"

"ಹೌದವ್ವಾ."

"ಇದು ಮಹಾಯುದ್ಧಕ್ಕಿಂತ ಮದಲಿಂದ್ರಿ. ಇದರಾಗಿನ ಅರ್ಧ ದೇಶ ಈಗ ಇಲ್ಲೇ ಇಲ್ಲ. ಗೋಲ್ಡ್ ಕೋಸ್ಟ್ ಇಲ್ಲ, ಟಾಂಗನಿಕಾ ಇಲ್ಲ, ಸಿಯಾಮ್ ಇಲ್ಲ. ಇಲ್ಲದ ದೇಶಕ್ಕ ಇಷ್ಟು ವರ್ಷ ಪ್ರಾರ್ಥನಾ ಮಾಡೀರಿ."

"ಬಂತಪ್ಪಾ ನಮ್ಮ ಅಟ್ಲಾಸು," ಎಂದು ಸೈಲಸ್ ಗೊಣಗಿದ. ನನಗಂತೂ ನಾಚಿಕೆಯಿಂದ ನೆಲ ಬಿರಿದರೆ ಸಾಕೆನ್ನಿಸಿತು.

ಪೂಜ್ಯರು ಕೋಪಿಸಿಕೊಳ್ಳಲಿಲ್ಲ. ಗಾಬರಿಯಾದವರಂತೆ ಎದ್ದು ಬಂದರು.

"ದೇಶ ಹೋದ್ವು? ಮತ್ತ ಅಲ್ಲಿ ಮಂದಿ?"

"ಮಂದಿ ಅದಾರ್ರಿ. ಹೆಸರು ಬದಲಾಗ್ಯಾವು ಅಷ್ಟ."

"ಅಯ್ಯ, ಹೆದರಿಸಿಬಿಟ್ಟಿ ನೋಡು!" ಪೂಜ್ಯರು ಎದೆಯ ಮೇಲೆ ಕೈಯಿಟ್ಟು ನಕ್ಕರು. "ಮಂದಿ ಇದ್ದರ ಪ್ರಾರ್ಥನಾ ಮುಟ್ಟಿರತೈತಿ. ಹೆಸರು ಬದಲಾದದ್ದು ನನಗ ಯಾರೂ ಬಂದು ಹೇಳಲಿಲ್ಲವ್ವಾ. ಅಲ್ಲಿಗೆ ಹೋದವರು ಇದ್ದರಲ್ಲ ಹೇಳೂದು?"

ಶೇಂಗಾ ಸುಲಿಯುವ ಸದ್ದು ನಿಂತಿತು.

"ಅಲ್ಲಿಂದ ಯಾರರ ಏನರ ಬರದಾರೇನು?" ಎಂದು ಪೂಜ್ಯರು ಕೇಳಿದರು.

ಹದಿನಾರು ಜೊತೆ ಕಣ್ಣುಗಳು ನನ್ನ ಚೀಲದ ಕಡೆ ತಿರುಗಿದವು! ನಾನು ಪತ್ರ ತೆಗೆದು ಕನ್ನಡದಲ್ಲಿ ಓದಿ ಹೇಳಿದೆ. ನಲವತ್ತೊಂದು ಹುಡುಗಿಯರು ಎಂದಾಗ ಪೂಜ್ಯರು ಕಣ್ಣು ಮುಚ್ಚಿದರು. ಓದಿ ಮುಗಿದ ಮೇಲೆ ಪ್ರಫುಲ್ಲಾಳಿಗೆ ಹೇಳಿದರು: "ನೀ ಕಲಿತಾಕಿ. ಆ ಊರು ಎಲ್ಲಿ ಬರತೈತಿ, ತೋರಸು."

ಪ್ರಫುಲ್ಲಾ ಆಫ್ರಿಕಾದ ಮೇಲೆ ಬೆರಳಿಟ್ಟಳು. ನೀಲಿ ಬಣ್ಣದ ದೊಡ್ಡ ಸರೋವರವನ್ನು ಹಿಡಿದು, ಅದರ ಕೆಳಗಿನ ದಂಡೆಗೆ ಬಂದು ನಿಂತಳು. ನಿಂತವಳು ಹಾಗೆಯೇ ನಿಂತುಬಿಟ್ಟಳು. ನಾವೆಲ್ಲ ಎದ್ದು ಮುತ್ತಿಕೊಂಡೆವು. ಅಲ್ಲಿ ಹೆಸರಿರಲಿಲ್ಲ, ಗಡಿಯ ಗೆರೆಯಿರಲಿಲ್ಲ. ಕಾಗದ ಸವೆದು ಹಿಂದಿನ ಅರಿವೆಯ ಎಳೆಗಳು ಕಾಣುತ್ತಿದ್ದವು. ಇಡೀ ಭೂಪಟದಲ್ಲಿ ಅಷ್ಟು ಸವೆದ ಜಾಗ ಇನ್ನೊಂದಿರಲಿಲ್ಲ.

"ಇಲ್ಲೇ ಯಾಕ್ರಿ ಅಮ್ಮಾರ?" ಪ್ರಫುಲ್ಲಾಳ ದನಿ ಬದಲಾಗಿತ್ತು.

"ಕೆರಿ ಭಾಳ ದೊಡ್ಡದೈತೆಲ್ಲ. ದಂಡಿಮ್ಯಾಲ ಮಂದೀನೂ ಭಾಳ ಇರಬೇಕು ಅನಿಸ್ತು." ಅನಂತರ ಪೂಜ್ಯರು ಅವಳ ಬೆರಳನ್ನೇ ನೋಡುತ್ತ ನಿಧಾನವಾಗಿ ನುಡಿದರು: "ಇಪ್ಪತ್ತೆರಡು ವರ್ಷ ಅಲ್ಲಿ ನನ್ನ ಬೆರಳಿತ್ತು. ಈಗ ನಿಂದೈತಿ. ನಿನಗ ಗಣಿತ ಬರತೈತೇನವ್ವಾ?"

ಪ್ರಫುಲ್ಲಾ ಬಾಯಿ ತೆರೆದಳು. ವಾದದಲ್ಲಿ ಪ್ರಾಧ್ಯಾಪಕರನ್ನೇ ಸೋಲಿಸುತ್ತಿದ್ದ ಹುಡುಗಿ. ಜೂನ್ ತಿಂಗಳ ಕೆಲಸವನ್ನು ಹೇಳಬಹುದಿತ್ತು, ವಿಧವೆ ತಾಯಿಯನ್ನು ಹೇಳಬಹುದಿತ್ತು. ಬೆರಳನ್ನು ಅಲ್ಲಿಂದ ತೆಗೆಯದೆಯೇ ಹೇಳಿದಳು: "ಬರತೈತ್ರಿ."

ಪೂಜ್ಯರು ಅವಳ ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸಿದರು.

ಹಿಂದಿರುಗುವ ರೈಲು ನಮಗೆ ನೆಲ ಬಿಟ್ಟು ಓಡಿದಂತಿತ್ತು! ಹಾಡು, ಚಪ್ಪಾಳೆ, ಅಳು, ನಗೆ. ಪ್ರಫುಲ್ಲಾ ನನ್ನ ವರದಿ ಪುಸ್ತಕವನ್ನೇ ತೊಡೆಯ ಮೇಲಿಟ್ಟುಕೊಂಡು ಉತ್ತರ ಬರೆದಳು; ರೈಲಿನ ಅಲುಗಾಟಕ್ಕೆ ಅಕ್ಷರಗಳು ಏರಿಳಿದಿದ್ದವು. ಹುಬ್ಬಳ್ಳಿ ನಿಲ್ದಾಣದಲ್ಲಿ ಸೈಲಸ್ ಓಡಿಹೋಗಿ ಅದನ್ನು ಅಂಚೆಗೆ ಹಾಕಿ, ಚಲಿಸುವ ಗಾಡಿ ಹತ್ತಿ ಬಂದು, "ನಂದೂ ಹೆಸರು ಬರಕೋ" ಎಂದು ನನ್ನ ಮುಂದೆ ಕುಳಿತ. ತಮಾಷೆಯೆಂದು ತಿಳಿದು ತಲೆಯೆತ್ತಿದೆ. ಅವನ ಮುಖದಲ್ಲಿ ನಗೆಯಿರಲಿಲ್ಲ. ವರದಿ ಪುಸ್ತಕದ ಆ ಪುಟದಲ್ಲಿ, ಹೋಗುತ್ತೇವೆಂದು ಅಂದು ಬರೆಸಿದ ಏಳು ಹೆಸರುಗಳಿವೆ. ನಾಲ್ವರು ಕಡಲು ದಾಟಿದರು, ಅವರಲ್ಲಿ ಸೈಲಸನೂ ಒಬ್ಬ. ಪ್ರಫುಲ್ಲಾಳ ತಾಯಿ ಮೂರು ವಾರ ಮಾತು ಬಿಟ್ಟಿದ್ದರು. ಕೊನೆಗೆ ಅವರೇ ಬೆಟಗೇರಿಗೆ ಹೋಗಿ ಆ ಭೂಪಟ ನೋಡಿ ಬಂದು, ಮಗಳ ಪೆಟ್ಟಿಗೆ ಕಟ್ಟಿದರು.

ಜುಲೈ ಮೊದಲ ವಾರ ಪ್ರಫುಲ್ಲಾ ಅಲ್ಲಿ ತಲುಪಿದಳು. ತರಗತಿ ಮುಚ್ಚಲಿಲ್ಲ.

1975ರ ಮಾರ್ಚಿನಲ್ಲಿ ಅವಳಿಂದ ಬಂದ ಪತ್ರವನ್ನು ನಾನೇ ಬೆಟಗೇರಿಗೆ ಒಯ್ದು ಪೂಜ್ಯರಿಗೆ ಓದಿ ಹೇಳಿದೆ. ಅದರ ಕೊನೆಯ ಸಾಲುಗಳನ್ನು ಅವರು ಮೂರು ಸಲ ಓದಿಸಿದರು. ಇಲ್ಲಿ ಇದ್ದಂತೆಯೇ ನಕಲು ಮಾಡಿದ್ದೇನೆ:

"ಅಮ್ಮನವರಿಗೆ ತಿಳಿಸು: ಈ ದೇಶದ ಹೆಸರು ಟಾಂಜಾನಿಯಾ. ಕೆರೆಯ ದಂಡೆಯ ಮೇಲೆ ಮಂದಿ ನಿಜವಾಗಿಯೂ ಬಹಳ ಇದ್ದಾರೆ. ನಲವತ್ತೊಂದು ಹುಡುಗಿಯರೂ ಪರೀಕ್ಷೆಗೆ ಕೂತರು. ನಮ್ಮ ತರಗತಿಯ ಗೋಡೆಯ ಮೇಲೆ ಭಾರತದ ಹಳೆಯ ಭೂಪಟವೊಂದಿದೆ. ನಾನು ಎಲ್ಲಿಂದ ಬಂದೆನೆಂದು ತಿಳಿದಂದಿನಿಂದ ಹುಡುಗಿಯರು ದಿನಾ ಮುಂಜಾನೆ ಸರದಿಯಂತೆ ಅದರ ಮೇಲೆ ಬೆರಳಿಟ್ಟು, ಮೈಸೂರು ರಾಜ್ಯದ ಜನರಿಗಾಗಿ ಪ್ರಾರ್ಥಿಸುತ್ತಾರೆ. ಆ ಹೆಸರಿನ ರಾಜ್ಯ ಈಗ ಇಲ್ಲ, ಅದು ಕರ್ನಾಟಕ ಎಂದು ಹೇಳಲು ಬಾಯಿ ತೆರೆದೆ. ಆಮೇಲೆ ಸುಮ್ಮನೆ ಹೋಗಿ, ಆ ಪುಟ್ಟ ಬೆರಳಿನ ಪಕ್ಕದಲ್ಲಿ ನನ್ನ ಬೆರಳಿಟ್ಟು ನಿಂತೆ."